ತಾಯಿಪತ್ರ ನೋಡದೆ ಗಣಿ ಷೇರು ಕೊಳ್ಳುವವರಿಗೆ ಒಂದು ಬಹಿರಂಗ ಪತ್ರ

ಪರ್ತ್, ಮೆಲ್ಬರ್ನ್, ಲಂಡನ್, ಬೆಂಗಳೂರುಗಳಲ್ಲಿ ಕೂತು ಆಫ್ರಿಕಾದ ಸಣ್ಣ ಗಣಿ ಕಂಪನಿಗಳ ಷೇರಿಗೆ ದುಡ್ಡು ಹಾಕುತ್ತಿರುವ ಕನ್ನಡಿಗ ಮಿತ್ರರೇ,

ನಮಸ್ಕಾರ. 2022ರ ಮೇ 9ರಂದು ಆಸ್ಟ್ರೇಲಿಯಾದ ಷೇರುಪೇಟೆ ಎಎಸ್‌ಎಕ್ಸ್‌ನಲ್ಲಿ ಎವಿಝಡ್ ಮಿನರಲ್ಸ್ ಕಂಪನಿಯ ವಹಿವಾಟು ನಿಂತಿತು. ಕೊನೆಯ ಬೆಲೆ 78 ಸೆಂಟ್. ಷೇರುಗಳ ಸಂಖ್ಯೆ ಸುಮಾರು 350 ಕೋಟಿ, ಒಟ್ಟು ಮೌಲ್ಯ 275 ಕೋಟಿ ಆಸ್ಟ್ರೇಲಿಯನ್ ಡಾಲರ್ ಆಸುಪಾಸು. ಎರಡು ದಿನದ ತಡೆ ಎಂದುಕೊಂಡವರು ಎರಡು ವರ್ಷ ಕಾದರು. 2024ರ ಮೇ ತಿಂಗಳಲ್ಲಿ ಕಂಪನಿಯ ಹೆಸರನ್ನೇ ಪೇಟೆಯ ಪಟ್ಟಿಯಿಂದ ತೆಗೆದುಹಾಕಿದರು. ಈ ನಡುವೆ ಲಿಥಿಯಂ ಬೆಲೆ ಆಕಾಶಕ್ಕೆ ಹೋಗಿ ಪಾತಾಳಕ್ಕೆ ಬಿತ್ತು. ಷೇರು ಇದ್ದವರು ಮೇಲೆ ಹೋದಾಗ ಮಾರಲಿಲ್ಲ, ಕೆಳಗೆ ಬಂದಾಗ ತಪ್ಪಿಸಿಕೊಳ್ಳಲೂ ಇಲ್ಲ.

ಅದಿರು ಕೆಟ್ಟದಿತ್ತೇ ಅಂದರೆ, ಇಲ್ಲ. ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ (ಕಿನ್ಶಾಸಾ ರಾಜಧಾನಿಯ ಕಾಂಗೋ) ಟಾಂಗಾನಿಕಾ ಪ್ರಾಂತ್ಯದ ಮನೊನೊದಲ್ಲಿ ಬೆಲ್ಜಿಯನ್ನರು ದಶಕಗಟ್ಟಲೆ ತವರ ತೆಗೆದ ಜಾಗ ಅದು. ಅಲ್ಲಿನ ರೋಶ್ ಡ್ಯೂರ್ ಎಂಬ ಪೆಗ್ಮಟೈಟ್ ಬಂಡೆಯಲ್ಲಿ 40 ಕೋಟಿ ಟನ್, ಸರಾಸರಿ 1.65 ಶೇಕಡಾ ಲಿಥಿಯಂ ಆಕ್ಸೈಡ್ ಇದೆಯೆಂದು ಕಂಪನಿ 2019ರಲ್ಲಿ ಲೆಕ್ಕ ಕೊಟ್ಟಿತು. ಬಂಡೆಯ ಲಿಥಿಯಂ ನಿಕ್ಷೇಪಗಳಲ್ಲಿ ಜಗತ್ತಿನ ಅತಿ ದೊಡ್ಡವುಗಳಲ್ಲಿ ಇದೂ ಒಂದು. ಬಂಡೆ ಇವತ್ತಿಗೂ ಅಲ್ಲೇ ಇದೆ. ಕೈಕೊಟ್ಟದ್ದು ಕಾಗದ.

ನಾವು ಈ ಪತ್ರ ಬರೆಯುತ್ತಿರುವುದು ಆ ಕಾಗದದ ವಿಚಾರವಾಗಿ. ಸೈಟು ಕೊಳ್ಳುವಾಗ ತಾಯಿಪತ್ರ, ಇ.ಸಿ., ಖಾತಾ ಎಲ್ಲವನ್ನೂ ವಕೀಲರ ಹತ್ತಿರ ತೋರಿಸಿ, ಆಮೇಲೆ ಮುಂಗಡ ಕೊಡುವ ನಮ್ಮ ಜನ, ಆರು ಸಾವಿರ ಕಿಲೋಮೀಟರ್ ಆಚೆಯ ಬೆಟ್ಟವೊಂದರಲ್ಲಿ ಪಾಲು ಕೊಳ್ಳುವಾಗ ಮಾತ್ರ ಅದಿರಿನ ದರ್ಜೆ ಕೇಳಿ ಸುಮ್ಮನಾಗುತ್ತಾರೆ. ದರ್ಜೆ ಕೇಳುವುದು ಎರಡನೆಯ ಕೆಲಸ. ಮೊದಲು ಕೇಳಬೇಕಾದ್ದು: ಪರವಾನಗಿ ಯಾವುದು, ಯಾರ ಹೆಸರಿನಲ್ಲಿದೆ, ಎಂದು ಮುಗಿಯುತ್ತದೆ, ಆ ಹೆಸರಿನಲ್ಲಿ ನಿಮ್ಮ ಕಂಪನಿಯ ಪಾಲು ಎಷ್ಟು, ಆ ಪಾಲನ್ನು ಎದುರಿನವರು ಒಪ್ಪುತ್ತಾರೆಯೇ.

ಮನೊನೊದಲ್ಲಿ ಹೇಗಿತ್ತು ನೋಡಿ. ಪರವಾನಗಿ ಎವಿಝಡ್ ಹೆಸರಿನಲ್ಲಿ ಇರಲೇ ಇಲ್ಲ. ದಾತ್‌ಕಾಮ್ ಮೈನಿಂಗ್ ಎಂಬ ಸ್ಥಳೀಯ ಜಂಟಿ ಕಂಪನಿಯ ಹೆಸರಿನಲ್ಲಿತ್ತು. ಅದರಲ್ಲಿ ಎವಿಝಡ್‌ಗೆ 60 ಶೇಕಡಾ. ಇನ್ನು 15 ಶೇಕಡಾವನ್ನು ದಾತೊಮಿರ್ ಎಂಬ ಪಾಲುದಾರನಿಂದ ಕೊಂಡಿದ್ದೇವೆ, ಆದ್ದರಿಂದ ನಮ್ಮದು 75 ಎಂಬುದು ಎವಿಝಡ್ ವಾದ. ದಾತೊಮಿರ್ ಆ ಮಾರಾಟಕ್ಕೇ ತಕರಾರು ತೆಗೆಯಿತು. ಉಳಿದ 25 ಕಾಂಗೋ ಸರ್ಕಾರಿ ಕಂಪನಿ ಕೊಮಿನಿಯೆರ್‌ನದು. ಅದರಲ್ಲಿ 15ನ್ನು ಕೊಮಿನಿಯೆರ್ ಚೀನಾದ ಝಿಜಿನ್ ಮೈನಿಂಗ್‌ನ ಅಂಗಸಂಸ್ಥೆಗೆ ಮಾರಿತು. ಮೊದಲು ಕೊಳ್ಳುವ ಹಕ್ಕು ನಮ್ಮದು, ಆ ಮಾರಾಟ ಸಿಂಧುವಲ್ಲ ಎಂದು ಎವಿಝಡ್ ಹೇಳಿತು. ಇದರ ನಡುವೆ 2021ರ ಸೆಪ್ಟೆಂಬರ್‌ನಲ್ಲಿ ಎವಿಝಡ್ ತನ್ನ ಪಾಲಿನಿಂದ 24 ಶೇಕಡಾವನ್ನು 24 ಕೋಟಿ ಅಮೆರಿಕನ್ ಡಾಲರಿಗೆ ಮತ್ತೊಂದು ಚೀನೀ ಸಂಸ್ಥೆಗೆ ಕೊಡುವ ಒಪ್ಪಂದ ಮಾಡಿಕೊಂಡಿತು. ಕಾಂಗೋದ 2018ರ ಗಣಿ ಸಂಹಿತೆಯ ಪ್ರಕಾರ ಗಣಿಗಾರಿಕೆ ಪರವಾನಗಿ ಸಿಗುವಾಗ ಸರ್ಕಾರಕ್ಕೆ 10 ಶೇಕಡಾ ಪುಕ್ಕಟೆ ಕೊಡಬೇಕು, ಅದು ಯಾರ ಪಾಲಿನಿಂದ ಹೋಗಬೇಕು ಎಂಬುದೂ ಚರ್ಚೆಯ ವಸ್ತುವೇ. ಇಷ್ಟು ಜನ ಒಂದೇ ಬಂಡೆಯ ಮೇಲೆ ಕೈ ಇಟ್ಟಿದ್ದರು.

2022ರ ಮೇ ಮೊದಲ ವಾರದಲ್ಲಿ ಗಣಿ ಸಚಿವರ ಆದೇಶ ಬಂತು, ಪರವಾನಗಿ ಸಿಕ್ಕಿತು ಎಂಬ ಪ್ರಕಟಣೆ ಹೊರಟಿತು. ಷೇರುದಾರರು ಸಿಹಿ ಹಂಚುತ್ತಿದ್ದ ಅದೇ ಹೊತ್ತಿಗೆ ವಹಿವಾಟು ನಿಂತಿತು. ಆದೇಶ ಬಂದರೂ ಕಾಂಗೋದ ಗಣಿ ನೋಂದಣಿ ಕಚೇರಿ ಕಾಮಿಯಿಂದ ಪರವಾನಗಿ ಪ್ರಮಾಣಪತ್ರ ಕೈಗೆ ಬರಲಿಲ್ಲ. 2023ರ ಆರಂಭದಲ್ಲಿ ಸಚಿವರು ಆದೇಶವನ್ನೇ ಹಿಂತೆಗೆದುಕೊಂಡರು. ಅದೇ ವರ್ಷ ಜಾಗವನ್ನು ಸೀಳಿ, ಉತ್ತರದ ಭಾಗವನ್ನು ಝಿಜಿನ್ ಮತ್ತು ಕೊಮಿನಿಯೆರ್ ಸೇರಿ ಮಾಡಿಕೊಂಡ ಕಂಪನಿಗೆ ಕೊಟ್ಟರು. ಎವಿಝಡ್ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ನ್ಯಾಯಮಂಡಳಿಗಳ ಬಾಗಿಲು ತಟ್ಟಿತು. ನ್ಯಾಯ ಯಾರ ಕಡೆ ಇದೆ ಎಂಬ ತೀರ್ಪು ನಾವು ಕೊಡುತ್ತಿಲ್ಲ. ನಮ್ಮ ಮಾತು ಇಷ್ಟೇ: ಪಾಲಿನ ತಕರಾರು ಅಮಾನತಿಗೆ ಮೊದಲೇ ಬಹಿರಂಗವಾಗಿತ್ತು. ಅದನ್ನು ಓದಿದ ಮೇಲೂ 78 ಸೆಂಟ್ ಕೊಟ್ಟವರು ಅಪಾಯ ತಿಳಿದು ಕೊಟ್ಟರು. ಓದದವರಿಗೆ ತಾವು ಏನನ್ನು ಕೊಳ್ಳುತ್ತಿದ್ದೇವೆ ಎಂಬುದೇ ಗೊತ್ತಿರಲಿಲ್ಲ.

ಪರಿಶೀಲಿಸುವುದು ಹೇಗೆ? ಹಲವು ಆಫ್ರಿಕನ್ ದೇಶಗಳ ಗಣಿ ನೋಂದಣಿ ಕಚೇರಿಗಳು ಪರವಾನಗಿ ನಕ್ಷೆಯನ್ನು ಜಾಲತಾಣದಲ್ಲಿ ಇಟ್ಟಿವೆ. ಕಂಪನಿಯ ವಾರ್ಷಿಕ ವರದಿಯ ಕೊನೆಯಲ್ಲಿ ಪರವಾನಗಿಗಳ ಪಟ್ಟಿ ಇರುತ್ತದೆ. ಅದರಿಂದ ಸಂಖ್ಯೆ ಬರೆದುಕೊಂಡು ನಕ್ಷೆಯಲ್ಲಿ ಹುಡುಕಿ. ಮನೊನೊದ್ದು ಪಿಆರ್ 13359. ಪಿಆರ್ ಅಂದರೆ ಶೋಧನೆಯ ಪರವಾನಗಿ: ಹುಡುಕಬಹುದು, ಕೊರೆಯಬಹುದು, ಅದಿರು ಮಾರುವಂತಿಲ್ಲ. ಪಿಇ ಅಂದರೆ ಗಣಿಗಾರಿಕೆ ಪರವಾನಗಿ. ಕಾಂಗೋ ಸಂಹಿತೆಯಲ್ಲಿ ಪಿಆರ್ ಐದು ವರ್ಷ, ಒಮ್ಮೆ ಮಾತ್ರ ನವೀಕರಣ. ಪಿಇ 25 ವರ್ಷ. ಷೇರು ಬೆಲೆ ಪಿಇ ಸಿಕ್ಕಂತೆ ಓಡುತ್ತಿದ್ದು, ಕೈಯಲ್ಲಿರುವುದು ಪಿಆರ್ ಮಾತ್ರ ಆಗಿದ್ದರೆ ನೀವು ಸರ್ಕಾರಿ ಅಧಿಕಾರಿಯೊಬ್ಬರ ಸಹಿಯ ಮೇಲೆ ಪಣ ಕಟ್ಟುತ್ತಿದ್ದೀರಿ. ಪರವಾನಗಿ ಮುಗಿದು ‘ನವೀಕರಣಕ್ಕೆ ಅರ್ಜಿ ಹಾಕಲಾಗಿದೆ’ ಎಂದಿದ್ದರೆ ಎಷ್ಟು ತಿಂಗಳಿಂದ ಹಾಗಿದೆ ಎಂದು ಹಳೆಯ ತ್ರೈಮಾಸಿಕ ವರದಿಗಳಲ್ಲಿ ಹಿಂದಕ್ಕೆ ಹೋಗಿ ನೋಡಿ. ‘ಅರ್ಜಿ’ ಎಂಬ ಪದ ನಾಲ್ಕು ವರದಿಗಳಲ್ಲಿ ಒಂದೇ ರೀತಿ ಇದ್ದರೆ ಎಚ್ಚರ. ಪ್ರಸ್ತುತಿಯ ಸ್ಲೈಡುಗಳನ್ನು ನಂಬಬೇಡಿ. ಲೆಕ್ಕಪರಿಶೋಧಕರ ಸಹಿ ಇರುವ ವಾರ್ಷಿಕ ವರದಿಯಲ್ಲಿ ‘ಅನಿಶ್ಚಿತ ಹೊಣೆಗಳು’ ಮತ್ತು ‘ವರದಿಯ ದಿನದ ನಂತರದ ಘಟನೆಗಳು’ ಎಂಬ ಎರಡು ಟಿಪ್ಪಣಿಗಳಿರುತ್ತವೆ. ಪಾಲುದಾರರ ಜಗಳಗಳೆಲ್ಲ ಅಲ್ಲಿ ಸಣ್ಣ ಅಕ್ಷರದಲ್ಲಿ ಮಲಗಿರುತ್ತವೆ.

ಪರವಾನಗಿ ಗಟ್ಟಿ ಇದ್ದರೂ ಸರ್ಕಾರ ಷರತ್ತು ಬದಲಿಸಬಹುದು. ತಾಂಜಾನಿಯಾ 2017ರ ಮಾರ್ಚ್‌ನಲ್ಲಿ ಚಿನ್ನ–ತಾಮ್ರದ ಸಾಂದ್ರದ (ಬಡ ಕಲ್ಲು ಕಳೆದು ದರ್ಜೆ ಏರಿಸಿದ, ಆದರೆ ಇನ್ನೂ ಕರಗಿಸದ ಅದಿರು) ರಫ್ತು ನಿಲ್ಲಿಸಿತು. ಲಂಡನ್ ಪೇಟೆಯ ಅಕೇಶಿಯಾ ಮೈನಿಂಗ್‌ಗೆ ಅದೇ ಜುಲೈನಲ್ಲಿ ಬಡ್ಡಿ, ದಂಡ ಸೇರಿ 19,000 ಕೋಟಿ ಡಾಲರ್ ತೆರಿಗೆ ಬೇಡಿಕೆ ಬಂತು. ಕಂಪನಿಯನ್ನು ಹತ್ತಾರು ಸಲ ಮಾರಿದರೂ ಕಟ್ಟಲಾಗದ ಮೊತ್ತ. ಕೊನೆಗೆ 2019ರಲ್ಲಿ ಮುಖ್ಯ ಒಡೆಯ ಬ್ಯಾರಿಕ್ ಉಳಿದ ಷೇರುದಾರರ ಪಾಲನ್ನು ಕೊಂಡು, 30 ಕೋಟಿ ಡಾಲರ್ ಕಟ್ಟಲು ಒಪ್ಪಿ, ಸರ್ಕಾರಕ್ಕೆ 16 ಶೇಕಡಾ ಪಾಲು ಕೊಟ್ಟು ರಾಜಿ ಮಾಡಿಕೊಂಡಿತು. ಗಮನಿಸಿ: ದೊಡ್ಡ ಒಡೆಯನಿಗೆ ಮಾತುಕತೆಯ ಮೇಜಿನಲ್ಲಿ ಕುರ್ಚಿ ಇತ್ತು, ಸಣ್ಣ ಷೇರುದಾರರು ಕೊಟ್ಟ ಬೆಲೆಗೆ ಹೊರನಡೆದರು. ಮಾಲಿ 2023ರಲ್ಲಿ ಹೊಸ ಸಂಹಿತೆ ತಂದು ಸರ್ಕಾರ ಮತ್ತು ಸ್ಥಳೀಯರ ಪಾಲನ್ನು 35 ಶೇಕಡಾವರೆಗೆ ಏರಿಸಿತು. 2024ರ ನವೆಂಬರ್‌ನಲ್ಲಿ ರೆಸೊಲ್ಯೂಟ್ ಮೈನಿಂಗ್‌ನ ಮುಖ್ಯಸ್ಥರನ್ನು ಬಮಾಕೊದಲ್ಲಿ ತಡೆದು ಇಟ್ಟಾಗ ಕಂಪನಿ 16 ಕೋಟಿ ಡಾಲರ್ ಕೊಡಲು ಒಪ್ಪಿತು.

ಇದನ್ನು ಓದಿ ‘ಆಫ್ರಿಕಾ ಅಂದ್ರೆ ಹಾಗೇ’ ಅನ್ನುವವರಿಗೆ ಒಂದು ನೆನಪು. ಕೋಲಾರದ ಚಿನ್ನವನ್ನು 1880ರಿಂದ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ನಡೆಸುತ್ತಿದ್ದ ಕಂಪನಿಗಳು ತೆಗೆಯುತ್ತಿದ್ದವು. ಅವುಗಳ ಷೇರನ್ನೂ ದೂರದಲ್ಲಿ ಕೂತ ಸಣ್ಣಪುಟ್ಟ ಹೂಡಿಕೆದಾರರು ಕೊಂಡಿದ್ದರು. 1956ರಲ್ಲಿ ಮೈಸೂರು ಸರ್ಕಾರ ಆ ಗಣಿಗಳನ್ನು ತನ್ನ ಕೈಗೆ ತೆಗೆದುಕೊಂಡಿತು. ನಮಗದು ಸರಿಯಾದ ಕೆಲಸ ಎಂದೇ ಕಾಣುತ್ತದೆ. ನೆಲ ಯಾರದೋ ಅವರು ಒಂದು ದಿನ ಪಾಲು ಕೇಳಿಯೇ ಕೇಳುತ್ತಾರೆ. ಅದನ್ನು ಬೆಲೆಯಲ್ಲಿ ಮೊದಲೇ ಹಿಡಿಯಬೇಕು, ಆಮೇಲೆ ಬೈದು ಪ್ರಯೋಜನವಿಲ್ಲ.

ಎರಡನೆಯ ಕಾಗದ ಷೇರುಗಳ ಸಂಖ್ಯೆ. ಇದರಲ್ಲಿ ಕಳೆದುಕೊಂಡಷ್ಟು ದುಡ್ಡನ್ನು ನಮ್ಮ ಜನ ಸರ್ಕಾರಗಳ ದೆಸೆಯಿಂದಲೂ ಕಳೆದುಕೊಂಡಿಲ್ಲ ಎಂಬುದು ನಮ್ಮ ಅಭಿಪ್ರಾಯ. ಶೋಧನೆ ಕಂಪನಿಗೆ ಆದಾಯ ಇರುವುದಿಲ್ಲ. ಕೊರೆಯುವ ಯಂತ್ರ, ಪ್ರಯೋಗಾಲಯ, ಪರ್ತ್ ಅಥವಾ ಲಂಡನ್ ಕಚೇರಿಯ ಬಾಡಿಗೆ, ನಿರ್ದೇಶಕರ ಸಂಬಳ ಎಲ್ಲಕ್ಕೂ ಒಂದೇ ಮೂಲ: ಹೊಸ ಷೇರು ಅಚ್ಚು ಹಾಕಿ ಮಾರುವುದು. ಎಎಸ್‌ಎಕ್ಸ್‌ನ 7.1ನೇ ನಿಯಮದಂತೆ ಷೇರುದಾರರನ್ನು ಕೇಳದೆ 12 ತಿಂಗಳಲ್ಲಿ 15 ಶೇಕಡಾ ಹೊಸ ಷೇರು ಕೊಡಬಹುದು. ಸಣ್ಣ ಕಂಪನಿಗಳು ವಾರ್ಷಿಕ ಸಭೆಯಲ್ಲಿ ವಿಶೇಷ ನಿರ್ಣಯ ಮಾಡಿಸಿಕೊಂಡರೆ 7.1ಎ ಪ್ರಕಾರ ಇನ್ನೂ 10. ಒಟ್ಟು 25. ನೂರು ಕೋಟಿ ಷೇರಿನ ಕಂಪನಿ ಪ್ರತಿ ವರ್ಷ ಇದನ್ನು ಪೂರ್ತಿ ಬಳಸಿಕೊಂಡರೆ ನಾಲ್ಕು ವರ್ಷದಲ್ಲಿ 244 ಕೋಟಿ. ನಿಮ್ಮ ಒಂದು ಶೇಕಡಾ ಪಾಲು 0.41ಕ್ಕೆ ಇಳಿದಿರುತ್ತದೆ. ಕಂಪನಿಯ ಒಟ್ಟು ಮೌಲ್ಯ ಎರಡೂವರೆ ಪಟ್ಟಿನ ಹತ್ತಿರ ಬೆಳೆದರೆ ಮಾತ್ರ ನಿಮ್ಮ ಷೇರಿನ ಬೆಲೆ ನಿಂತಲ್ಲೇ ನಿಲ್ಲುತ್ತದೆ. ‘ಹಿಂದೆ 10 ಪೆನ್ಸ್ ಇತ್ತು, ಮತ್ತೆ ಅಲ್ಲಿಗೆ ಹೋಗುತ್ತದೆ’ ಎಂದು ಹಳೆಯ ಬೆಲೆಯ ಗೀಟು ತೋರಿಸುವವರಿಗೆ ಆಗ ಎಷ್ಟು ಷೇರು ಇತ್ತು, ಈಗ ಎಷ್ಟು ಎಂದು ಕೇಳಿ. ಜಿಂಬಾಬ್ವೆಯ ಜುಲು ಲಿಥಿಯಂ ಯೋಜನೆಯ ಪ್ರೀಮಿಯರ್ ಆಫ್ರಿಕನ್ ಮಿನರಲ್ಸ್‌ನ ಷೇರು ಸಂಖ್ಯೆ 2023ರ ಹೊತ್ತಿಗೇ 2,000 ಕೋಟಿ ದಾಟಿತ್ತು, ಆಮೇಲೂ ಏರುತ್ತಲೇ ಹೋಯಿತು. ಘಟಕ ಕಟ್ಟಿದರು, ಆದರೆ ಹೇಳಿದ ಪ್ರಮಾಣದಲ್ಲಿ, ಹೇಳಿದ ಗುಣಮಟ್ಟದಲ್ಲಿ ಸಾಂದ್ರ ಬರಲಿಲ್ಲ. ಪ್ರತಿ ದುರಸ್ತಿಯ ಖರ್ಚಿಗೂ ಹೊಸ ಷೇರು.

ದುಡ್ಡು ಯಾವಾಗ ಖಾಲಿಯಾಗುತ್ತದೆ ಎಂದು ಊಹಿಸಬೇಕಿಲ್ಲ. ಎಎಸ್‌ಎಕ್ಸ್‌ನ ಗಣಿ ಶೋಧನೆ ಕಂಪನಿಗಳು ಪ್ರತಿ ತ್ರೈಮಾಸಿಕ ಮುಗಿದ ಒಂದು ತಿಂಗಳಲ್ಲಿ ‘ಅಪೆಂಡಿಕ್ಸ್ 5ಬಿ’ ಎಂಬ ನಗದು ಲೆಕ್ಕ ಸಲ್ಲಿಸಬೇಕು. ಅದರ 8.7ನೇ ಸಾಲು ನೋಡಿ: ಈಗಿನ ಖರ್ಚಿನ ವೇಗದಲ್ಲಿ ಇನ್ನೆಷ್ಟು ತ್ರೈಮಾಸಿಕಕ್ಕೆ ದುಡ್ಡು ಸಾಲುತ್ತದೆ ಎಂಬ ಸಂಖ್ಯೆ ಅಲ್ಲೇ ಇರುತ್ತದೆ. ಎರಡಕ್ಕಿಂತ ಕಡಿಮೆ ಇದ್ದರೆ ಮುಂದೇನು ಮಾಡುತ್ತೀರಿ ಎಂಬ ಪ್ರಶ್ನೆಗೆ ಕಂಪನಿ ಕೆಳಗೇ ಉತ್ತರ ಬರೆಯಬೇಕು. 6.1ನೇ ಸಾಲಿನಲ್ಲಿ ನಿರ್ದೇಶಕರಿಗೂ ಅವರ ಸಂಬಂಧಿತ ಸಂಸ್ಥೆಗಳಿಗೂ ಹೋದ ಹಣ ಇರುತ್ತದೆ. ಅದನ್ನು ನೆಲದಲ್ಲಿ ಕೊರೆಯಲು ಹೋದ ಹಣದ ಪಕ್ಕ ಇಟ್ಟು ನೋಡಿ. 8.7 ಎರಡರ ಕೆಳಗಿದ್ದು, ಅದೇ ವಾರ ಕಣ್ಣು ಕುಕ್ಕುವ ಕೊರೆತದ ಸುದ್ದಿ ಬಂದರೆ, ಅದರ ಹಿಂದೆಯೇ ರಿಯಾಯಿತಿ ಬೆಲೆಗೆ ಆಯ್ದ ಹೂಡಿಕೆದಾರರಿಗೆ ಷೇರು ಹಂಚಿಕೆ (ಪ್ಲೇಸಿಂಗ್) ಬರುವ ಸಾಧ್ಯತೆ ಹೆಚ್ಚು. ಏರಿದ ಬೆಲೆಗೆ ನೀವು ಕೊಳ್ಳುತ್ತೀರಿ, ಅದಕ್ಕಿಂತ ಕಡಿಮೆಗೆ ಪ್ಲೇಸಿಂಗ್‌ನವರು ಪಡೆಯುತ್ತಾರೆ, ಜೊತೆಗೆ ಪುಕ್ಕಟೆ ವಾರಂಟ್, ಅಂದರೆ ಮುಂದೆ ಗೊತ್ತುಮಾಡಿದ ಬೆಲೆಗೆ ಇನ್ನಷ್ಟು ಷೇರು ಕೊಳ್ಳುವ ಹಕ್ಕು.

ಲಂಡನ್ನಿನಲ್ಲಿ ಸಣ್ಣ ಕಂಪನಿಗಳಿಗೆಂದು ಇರುವ ಏಮ್ ಪೇಟೆಯಲ್ಲಿ ಈ ತ್ರೈಮಾಸಿಕ ನಗದು ಲೆಕ್ಕದ ಕಡ್ಡಾಯ ಇಲ್ಲ. ಅರ್ಧ ವಾರ್ಷಿಕ ಲೆಕ್ಕ ಮೂರು ತಿಂಗಳಲ್ಲಿ, ವಾರ್ಷಿಕ ಲೆಕ್ಕ ಆರು ತಿಂಗಳಲ್ಲಿ ಬಂದರೆ ಸಾಕು. ಹಾಗಾಗಿ ಅಲ್ಲಿ ನೀವೇ ಲೆಕ್ಕ ಹಾಕಬೇಕು: ಹಿಂದಿನ ಆರು ತಿಂಗಳ ನಗದು ಇಳಿಕೆಯನ್ನು ಆರರಿಂದ ಭಾಗಿಸಿ, ವರದಿ ಬಂದ ಮೇಲೆ ಎತ್ತಿದ ಹಣ ಕೂಡಿಸಿ, ಉಳಿದ ತಿಂಗಳು ಎಣಿಸಿ. ಷೇರುಗಳ ಈಗಿನ ಸಂಖ್ಯೆಯನ್ನು 26ನೇ ನಿಯಮದಂತೆ ಕಂಪನಿ ತನ್ನ ಜಾಲತಾಣದಲ್ಲಿ ಇಡಲೇಬೇಕು. ಹೊರಗಿರುವ ವಾರಂಟ್, ಆಪ್ಷನ್ ಎಲ್ಲ ಕೂಡಿಸಿಯೇ ನಿಮ್ಮ ಪಾಲು ಲೆಕ್ಕ ಹಾಕಿ.

ಎಲ್ಲಕ್ಕಿಂತ ಕೆಟ್ಟದ್ದು ಬೆಲೆ ಬಿದ್ದಂತೆಲ್ಲ ಷೇರು ಹೆಚ್ಚು ಕೊಡಬೇಕಾದ ಸಾಲ. ಸಾಲ ಕೊಡುವವನು ಹತ್ತು ಲಕ್ಷ ಪೌಂಡ್ ಕೊಡುತ್ತಾನೆ. ಅದನ್ನು ‘ಹಿಂದಿನ ಕೆಲವು ದಿನಗಳ ಕನಿಷ್ಠ ಬೆಲೆಯ 90 ಶೇಕಡಾ’ಕ್ಕೆ ಷೇರಾಗಿ ಪರಿವರ್ತಿಸಿಕೊಳ್ಳುವ ಹಕ್ಕು ಬರೆಸಿಕೊಳ್ಳುತ್ತಾನೆ. ಬೆಲೆ ಒಂದು ಪೆನ್ನಿ ಇದ್ದರೆ 11 ಕೋಟಿ ಷೇರು. ಅರ್ಧ ಪೆನ್ನಿ ಆದರೆ 22 ಕೋಟಿ. ಪಡೆದದ್ದನ್ನು ಅಂದೇ ಪೇಟೆಗೆ ಸುರಿಯುತ್ತಾನೆ, ಬೆಲೆ ಇನ್ನಷ್ಟು ಇಳಿಯುತ್ತದೆ, ಮುಂದಿನ ಪರಿವರ್ತನೆಗೆ ಇನ್ನಷ್ಟು ಷೇರು. ಬೆಲೆ ಬಿದ್ದರೂ ಅವನಿಗೆ ನಷ್ಟವಿಲ್ಲ. ಸಾಲದ ಪ್ರಕಟಣೆಯಲ್ಲಿ ‘ಪರಿವರ್ತನೆ ಬೆಲೆ’ ಎಂಬ ಸಾಲು ಹುಡುಕಿ. ಅಲ್ಲಿ ಒಂದು ನಿಶ್ಚಿತ ಸಂಖ್ಯೆ ಇಲ್ಲದೆ ಸೂತ್ರ ಇದ್ದರೆ ನಾವಾದರೆ ಅದೇ ದಿನ ಮಾರುತ್ತೇವೆ.

ಈಗ ಅದಿರಿನ ಸುದ್ದಿ. ‘10 ಮೀಟರ್ ಆಳದಿಂದ 25 ಮೀಟರ್, ಟನ್ನಿಗೆ 3 ಗ್ರಾಂ ಚಿನ್ನ, ಅದರೊಳಗೆ 1 ಮೀಟರ್, 60 ಗ್ರಾಂ’ ಎಂದು ಬರೆದಿರುತ್ತಾರೆ. ಕಾಗದ, ಪೆನ್ನು ತಗೊಳ್ಳಿ. 25ನ್ನು 3ರಿಂದ ಗುಣಿಸಿದರೆ 75. ಅದರಲ್ಲಿ 60 ಆ ಒಂದೇ ಮೀಟರಿನದು. ಉಳಿದ 24 ಮೀಟರಿಗೆ ಸಿಗುವುದು 15, ಅಂದರೆ ಟನ್ನಿಗೆ 0.63 ಗ್ರಾಂ. ತೆಳ್ಳನೆಯ ಒಂದು ಎಳೆಯನ್ನು ಸುತ್ತಲಿನ ಬಡ ಕಲ್ಲಿಗೆ ಬಳಿದು ದಪ್ಪ ಮಾಡಿ ತೋರಿಸಿದ್ದಾರೆ. 0.63 ಗ್ರಾಂ ತೆರೆದ ಗಣಿಯಲ್ಲಿ, ಮೇಲ್ಭಾಗದಲ್ಲಿ, ಸುಲಭ ಸಂಸ್ಕರಣೆಯ ಮೆತ್ತನೆಯ ಅದಿರಾಗಿದ್ದರೆ ಲಾಭವಾಗಲೂಬಹುದು. 300 ಮೀಟರ್ ಆಳದ ಗಟ್ಟಿ ಬಂಡೆಯಲ್ಲಿ ಅದು ಬರೀ ಕಲ್ಲು.

ಎರಡನೆಯ ಉಪಾಯ ಕೊರೆಯುವ ಕೋನ. ಪ್ರಕಟಿಸುವುದು ಕೊಳವೆ ಹಾದುಹೋದ ಉದ್ದ; ಅದಿರಿನ ಪದರದ ನಿಜವಾದ ದಪ್ಪ ಬೇರೆ. ಪದರಕ್ಕೆ 30 ಡಿಗ್ರಿ ಕೋನದಲ್ಲಿ ಕೊರೆದರೆ 20 ಮೀಟರಿನ ‘ಅದಿರು’ ನಿಜದಲ್ಲಿ 10 ಮೀಟರ್. ಪದರದ ಉದ್ದಕ್ಕೇ ಕೊರೆದರೆ ಎರಡು ಮೀಟರಿನ ಎಳೆಯೂ ಐವತ್ತು ಮೀಟರ್ ಆಗಿ ಕಾಣುತ್ತದೆ. ಅದಿರಿನ ಫಲಿತಾಂಶ ಹೇಗೆ ಪ್ರಕಟಿಸಬೇಕು ಎಂದು ಹೇಳುವ ಆಸ್ಟ್ರೇಲಿಯಾದ ಜೋರ್ಕ್ ಸಂಹಿತೆ ಪಾಲಿಸುವ ಪ್ರಕಟಣೆಗಳ ಕೊನೆಗೆ ‘ಟೇಬಲ್ 1’ ಎಂಬ ಉದ್ದ ಪಟ್ಟಿ ಇರುತ್ತದೆ. ನಿಜ ದಪ್ಪ ಗೊತ್ತೋ ಇಲ್ಲವೋ, ಮಾದರಿ ಹೇಗೆ ತೆಗೆದರು, ಅತಿ ಹೆಚ್ಚಿನ ದರ್ಜೆಗಳಿಗೆ ಮಿತಿ ಹಾಕಿದರೋ ಇಲ್ಲವೋ ಎಲ್ಲವನ್ನೂ ಅಲ್ಲಿ ಹೇಳಲೇಬೇಕು. ಮೊದಲ ಪುಟ ಬಿಟ್ಟು ಆ ಪಟ್ಟಿಯಿಂದ ಓದಲು ಶುರುಮಾಡಿದರೆ ಅರ್ಧ ಮೋಹ ಅಲ್ಲೇ ಇಳಿಯುತ್ತದೆ. ಕೊರೆದ ಬಾವಿಗಳೆಷ್ಟು, ಫಲಿತಾಂಶ ಪ್ರಕಟಿಸಿದ್ದು ಎಷ್ಟರದು ಎಂದೂ ಎಣಿಸಿ. ಇಪ್ಪತ್ತು ಕೊರೆದು ಆರನ್ನು ಹೇಳಿದ್ದರೆ ಉಳಿದ ಹದಿನಾಲ್ಕು ಏನಾದವು?

ನಿಕ್ಷೇಪದ ಅಂದಾಜಿನಲ್ಲೂ ಮೆಟ್ಟಿಲುಗಳಿವೆ. ‘ಇನ್‌ಫರ್ಡ್’ ಅಂದರೆ ದೂರದೂರದ ಕೆಲವು ಬಾವಿಗಳ ನಡುವೆ ಇರಬಹುದು ಎಂಬ ಅನುಮಾನ. ‘ಇಂಡಿಕೇಟೆಡ್’ ಸ್ವಲ್ಪ ನಂಬಿಕೆ, ‘ಮೆಷರ್ಡ್’ ಹೆಚ್ಚು ನಂಬಿಕೆ. ಇವು ಮೂರೂ ‘ರಿಸೋರ್ಸ್’ ಮಾತ್ರ. ಖರ್ಚು ಕಳೆದು ಲಾಭದಲ್ಲಿ ತೆಗೆಯಬಹುದು ಎಂದು ಅಧ್ಯಯನ ತೋರಿಸಿದ ಭಾಗಕ್ಕಷ್ಟೇ ‘ರಿಸರ್ವ್’ ಎಂಬ ಹೆಸರು. ನೆಲದಲ್ಲಿರುವ ಒಟ್ಟು ಔನ್ಸನ್ನು ಇವತ್ತಿನ ಚಿನ್ನದ ಬೆಲೆಗೆ ಗುಣಿಸಿ, ಷೇರು ಸಂಖ್ಯೆಯಿಂದ ಭಾಗಿಸಿ ‘ನಿಜವಾದ ಬೆಲೆ’ ಹೇಳುವ ವಿಡಿಯೊಗಳು ಈ ಮೆಟ್ಟಿಲುಗಳನ್ನೆಲ್ಲ ಹಾರಿರುತ್ತವೆ. ಅಂಥ ಗುಣಾಕಾರ ಕಂಡರೆ ಮುಂದೆ ನೋಡುವ ಅಗತ್ಯವೇ ಇಲ್ಲ.

ಬಂಡೆಯಿಂದ ಬಂದರಿನವರೆಗಿನ ದಾರಿಯೂ ಲೆಕ್ಕವೇ. ಮನೊನೊದ 2020ರ ಅಧ್ಯಯನದಲ್ಲಿ ವರ್ಷಕ್ಕೆ 45 ಲಕ್ಷ ಟನ್ ಅದಿರು ಒಡೆದು 7 ಲಕ್ಷ ಟನ್ ಸಾಂದ್ರ ಮಾಡುವ ಯೋಜನೆ ಇತ್ತು. ಆರೂವರೆ ಟನ್ ಕಲ್ಲಿಗೆ ಒಂದು ಟನ್ ಸರಕು, ಅದರಲ್ಲೂ ಲಿಥಿಯಂ ಆಕ್ಸೈಡ್ 6 ಶೇಕಡಾ ಮಾತ್ರ. ಆ ಒಂದು ಟನ್ ಕೆಟ್ಟ ರಸ್ತೆ, ಹಳೆಯ ರೈಲು, ಇನ್ನೊಂದು ದೇಶದ ಗಡಿ ದಾಟಿ ಹಿಂದೂ ಮಹಾಸಾಗರದ ದಾರ್ ಎಸ್ ಸಲಾಮ್ ಅಥವಾ ಅಟ್ಲಾಂಟಿಕ್‌ನ ಲೊಬಿಟೊ ತಲುಪಬೇಕು. ಖರ್ಚಿನಲ್ಲಿ ಸಾಗಣೆಯದೇ ದೊಡ್ಡ ಪಾಲು. ಸಾಂದ್ರದ ಬೆಲೆ 2022ರ ಕೊನೆಯಲ್ಲಿದ್ದಂತೆ ಟನ್ನಿಗೆ 6,000 ಡಾಲರ್ ಇದ್ದರೆ ಇದೆಲ್ಲ ಚಿಲ್ಲರೆ. 2024ರಲ್ಲಾದಂತೆ 1,000ದ ಕೆಳಗೆ ಬಂದರೆ ಬದುಕು–ಸಾವಿನ ಮಾತು. ಸಿಯೆರಾ ಲಿಯೋನ್‌ನ ಕಬ್ಬಿಣದ ಗಣಿಗಳು ಹೀಗೇ ಹೋದವು. ಕಬ್ಬಿಣದ ಅದಿರು 2014ರ ಆರಂಭದಲ್ಲಿ 130 ಡಾಲರ್ ಮೇಲಿತ್ತು, ವರ್ಷದ ಕೊನೆಗೆ 70ರ ಆಸುಪಾಸು. ಎಬೋಲಾ ಬೇರೆ. ಮರಂಪಾ ಗಣಿಯ ಲಂಡನ್ ಮೈನಿಂಗ್ ಆ ಅಕ್ಟೋಬರ್‌ನಲ್ಲಿ, ಟೊಂಕೊಲಿಲಿಯ ಆಫ್ರಿಕನ್ ಮಿನರಲ್ಸ್ 2015ರ ಮಾರ್ಚ್‌ನಲ್ಲಿ ಆಡಳಿತಾಧಿಕಾರಿಗಳ ಕೈ ಸೇರಿದವು. ಎರಡರಲ್ಲೂ ಗಣಿ ಉಳಿಯಿತು, ಒಡೆಯರು ಬದಲಾದರು, ಸಾಮಾನ್ಯ ಷೇರುದಾರರಿಗೆ ಏನೂ ಉಳಿಯಲಿಲ್ಲ. ದಿವಾಳಿಯಲ್ಲಿ ಸಾಲ ಕೊಟ್ಟವರ ಸರದಿ ಮೊದಲು, ಷೇರುದಾರರದ್ದು ಕೊನೆ.

ಕೊಳ್ಳುವ ಗಳಿಗೆಯಲ್ಲೇ ಆಗುವ ನಷ್ಟವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಏಮ್‌ನ ಸಣ್ಣ ಷೇರೊಂದಕ್ಕೆ ಕೊಳ್ಳುವ ಬೆಲೆ 0.35 ಪೆನ್ಸ್, ಮಾರುವ ಬೆಲೆ 0.30 ಎಂದಿರುತ್ತದೆ. ಕೊಂಡ ನಿಮಿಷಕ್ಕೆ ಮಾರಿದರೂ 14 ಶೇಕಡಾ ಹೋಯಿತು. ಪರದೆಯ ಮೇಲಿನ ಬೆಲೆ ಸಣ್ಣ ಪ್ರಮಾಣಕ್ಕೆ ಮಾತ್ರ. ದೊಡ್ಡ ಗಂಟು ಮಾರಲು ಹೋದರೆ ಕೇಳುವವರೇ ಇರುವುದಿಲ್ಲ. ಮಿತಿ ಬೆಲೆ ಹಾಕದೆ ಇಂಥ ಷೇರಿಗೆ ಆರ್ಡರ್ ಕೊಡಬೇಡಿ. ಸ್ಟಾಪ್‌ಲಾಸ್ (ಬೆಲೆ ಇಂತಿಷ್ಟಕ್ಕೆ ಇಳಿದರೆ ತಾನಾಗಿ ಮಾರುವ ಆರ್ಡರ್) ಇದೆ ಎಂಬ ಧೈರ್ಯವೂ ಬೇಡ: ವಹಿವಾಟು ಅಮಾನತಾದರೆ ಅದು ಕೆಲಸ ಮಾಡುವುದಿಲ್ಲ. ಏಮ್‌ನಲ್ಲಿ ಕಂಪನಿಯ ನೋಮ್ಯಾಡ್, ಅಂದರೆ ಕಡ್ಡಾಯ ಸಲಹಾ ಸಂಸ್ಥೆ, ರಾಜೀನಾಮೆ ಕೊಟ್ಟರೆ ವಹಿವಾಟು ನಿಲ್ಲುತ್ತದೆ. ಒಂದು ತಿಂಗಳಲ್ಲಿ ಬೇರೊಬ್ಬರು ಸಿಗದಿದ್ದರೆ ಪಟ್ಟಿಯಿಂದಲೇ ಹೊರಗೆ. ಬೇರೆ ಕಾರಣದ ಅಮಾನತಿಗೆ ಅಲ್ಲಿ ಆರು ತಿಂಗಳ ಗಡುವು, ಎಎಸ್‌ಎಕ್ಸ್‌ನಲ್ಲಿ ಎರಡು ವರ್ಷ. ಸಾಲ ತೆಗೆದು ಇಂಥ ಷೇರು ಕೊಂಡವರಿಗೆ ಈ ಅವಧಿ ಪೂರ್ತಿ ಬಡ್ಡಿ ಮಾತ್ರ ಓಡುತ್ತಿರುತ್ತದೆ.

ಭಾರತದಲ್ಲಿ ವಾಸವಾಗಿರುವವರಿಗೆ ಇನ್ನಷ್ಟು. ಹೊರದೇಶಕ್ಕೆ ಹಣ ಕಳಿಸುವ ರಿಸರ್ವ್ ಬ್ಯಾಂಕ್ ಯೋಜನೆಯಾದ ಎಲ್‌ಆರ್‌ಎಸ್ ಅಡಿ ವರ್ಷಕ್ಕೆ 2,50,000 ಡಾಲರ್ ತನಕ ಕಳಿಸಬಹುದು, ಆದರೆ ಮಾರ್ಜಿನ್ (ಸ್ವಲ್ಪ ಹಣ ಇಟ್ಟು ಉಳಿದದ್ದಕ್ಕೆ ಸಾಲ ಪಡೆಯುವ) ವ್ಯವಹಾರಕ್ಕೆ ಕಳಿಸುವುದು ನಿಷಿದ್ಧ. ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಬ್ಯಾಂಕು 20 ಶೇಕಡಾ ಟಿಸಿಎಸ್ (ಮೂಲದಲ್ಲೇ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತದೆ. ಅದು ರಿಟರ್ನಿನಲ್ಲಿ ಹೊಂದಾಣಿಕೆಯಾಗುತ್ತದೆ, ಅಲ್ಲಿಯವರೆಗೆ ಸಿಕ್ಕಿಬಿದ್ದಿರುತ್ತದೆ. ಷೇರಿನ ಬೆಲೆ ಸೊನ್ನೆಯಾದರೂ, ಅಮಾನತಾದರೂ ಐಟಿಆರ್‌ನ ಶೆಡ್ಯೂಲ್ ಎಫ್‌ಎಯಲ್ಲಿ (ವಿದೇಶಿ ಆಸ್ತಿಗಳ ಪಟ್ಟಿ) ಪ್ರತಿ ವರ್ಷ ತೋರಿಸಬೇಕು, ಅದೂ ಆರ್ಥಿಕ ವರ್ಷದ ಬದಲು ಕ್ಯಾಲೆಂಡರ್ ವರ್ಷದ ಲೆಕ್ಕದಲ್ಲಿ. ‘ಸತ್ತ ಷೇರು, ಯಾಕೆ ಬರೆಯಬೇಕು’ ಎಂದು ಬಿಟ್ಟರೆ ಕಪ್ಪುಹಣ ಕಾಯ್ದೆಯ 10 ಲಕ್ಷ ರೂಪಾಯಿ ದಂಡದ ಸೆಕ್ಷನ್ ಇದೆ. 2024ರ ಅಕ್ಟೋಬರ್‌ನಿಂದ ಸ್ಥಿರಾಸ್ತಿ ಬಿಟ್ಟು ಒಟ್ಟು 20 ಲಕ್ಷದೊಳಗಿನ ವಿದೇಶಿ ಆಸ್ತಿಗೆ ದಂಡದಿಂದ ವಿನಾಯಿತಿ ಸಿಕ್ಕಿದೆ, ತೋರಿಸುವ ಕರ್ತವ್ಯದಿಂದಲ್ಲ. ವಿದೇಶಿ ಷೇರು ದೀರ್ಘಾವಧಿ ಆಗಲು 24 ತಿಂಗಳು ಇಟ್ಟಿರಬೇಕು. ನಷ್ಟವನ್ನು ಲೆಕ್ಕಕ್ಕೆ ತರಲು ಷೇರು ವರ್ಗಾವಣೆ ಆಗಿರಬೇಕು. ಅಮಾನತಾದ ಷೇರು ಮಾರಲಾಗುವುದಿಲ್ಲವಾದ್ದರಿಂದ ಕಾಗದದ ನಷ್ಟ ಕಾಗದದಲ್ಲೇ ಉಳಿಯುತ್ತದೆ. ಪಟ್ಟಿಯಲ್ಲಿದ್ದಾಗ ಕೊಂಡ ಷೇರು ಆಮೇಲೆ ಪಟ್ಟಿಯಿಂದ ಹೊರಬಿದ್ದರೆ, 2022ರ ಸಾಗರೋತ್ತರ ಹೂಡಿಕೆ ನಿಯಮಗಳ ಪ್ರಕಾರ ಅದು ಹಳೆಯ ವರ್ಗದಲ್ಲೇ ಮುಂದುವರಿಯುತ್ತದೆ, ಆದರೆ ಅದೇ ಕಂಪನಿಗೆ ಮತ್ತೆ ದುಡ್ಡು ಹಾಕಿದರೆ ಬೇರೆ ನಿಯಮ ಶುರು. ಹಕ್ಕಿನ ಷೇರಿಗೆ ಕರೆ ಬಂದಾಗ ಇದನ್ನು ನೆನಪಿಡಿ.

ಬ್ರಿಟನ್ನಿನಲ್ಲಿರುವವರು ಬೆಲೆಯೇ ಇಲ್ಲದಾದ ಷೇರಿಗೆ ತೆರಿಗೆ ಇಲಾಖೆಯಲ್ಲಿ ‘ನಗಣ್ಯ ಮೌಲ್ಯ’ದ ಅರ್ಜಿ ಹಾಕಿ ನಷ್ಟ ಪಡೆಯಬಹುದು, ಐಸಾ ಎಂಬ ತೆರಿಗೆರಹಿತ ಉಳಿತಾಯ ಖಾತೆಯೊಳಗಿನ ಷೇರಿಗೆ ಅದಿಲ್ಲ. ಆಸ್ಟ್ರೇಲಿಯಾದಲ್ಲಿ ದಿವಾಳಿ ಅಧಿಕಾರಿ ಲಿಖಿತವಾಗಿ ಘೋಷಿಸಿದ ಮೇಲೆ ಬಂಡವಾಳ ನಷ್ಟ ತೋರಿಸಬಹುದು.

ಈಗಾಗಲೇ ಅಮಾನತಾದ ಅಥವಾ ಪಟ್ಟಿಯಿಂದ ಬಿದ್ದ ಕಂಪನಿಯ ಷೇರು ಹಿಡಿದಿರುವವರು ಮಾಡಬೇಕಾದ ಕೆಲಸ ಕಡಿಮೆ, ಆದರೆ ಮಾಡಲೇಬೇಕು. ಷೇರು ನಿಮ್ಮ ಹೆಸರಿನಲ್ಲಿದೆಯೋ, ಬ್ರೋಕರಿನ ಪಾಲಕ ಸಂಸ್ಥೆಯ ಹೆಸರಿನಲ್ಲಿದೆಯೋ ಎಂದು ಬರಹದಲ್ಲಿ ಕೇಳಿ ತಿಳಿಯಿರಿ. ಪಾಲಕ ಸಂಸ್ಥೆಯ ಹೆಸರಿನಲ್ಲಿದ್ದರೆ ಸಭೆಯ ಸೂಚನೆ, ಮತದ ಹಕ್ಕು, ಪರಿಹಾರದ ಪಾಲು ಎಲ್ಲವೂ ಬ್ರೋಕರ್ ಮೂಲಕವೇ ಬರಬೇಕು. ಆ ಖಾತೆ ಮುಚ್ಚುವ ಮೊದಲು ಷೇರನ್ನು ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿ. ನಿಮ್ಮ ಹೆಸರಿನಲ್ಲಿದ್ದರೆ ಕಂಪನಿಯ ಷೇರು ನೋಂದಣಿ ಸಂಸ್ಥೆಯಲ್ಲಿ ವಿಳಾಸ, ಇಮೇಲ್, ಬ್ಯಾಂಕ್ ಖಾತೆ ಸರಿ ಇದೆಯೇ ನೋಡಿ. ಮಧ್ಯಸ್ಥಿಕೆಯ ಹಣವೋ ರಾಜಿಯ ಹಣವೋ ವರ್ಷಗಳ ನಂತರ ಬಂದರೆ ಹೋಗುವುದು ಆ ನೋಂದಣಿಯಲ್ಲಿರುವ ವಿಳಾಸಕ್ಕೆ. ಮತ್ತೊಂದು: ಪಟ್ಟಿಯಿಂದ ಬಿದ್ದ ಷೇರನ್ನು ಒಳ್ಳೆಯ ಬೆಲೆಗೆ ಕೊಳ್ಳುತ್ತೇವೆ, ಮೊದಲು ‘ತೆರಿಗೆ’ ಅಥವಾ ‘ಬಾಂಡ್’ ಶುಲ್ಕ ಕಟ್ಟಿ ಎಂದು ಫೋನ್ ಮಾಡುವವರು ಷೇರುದಾರರ ಪಟ್ಟಿ ಹಿಡಿದು ಹೊರಟ ಮೋಸಗಾರರು. ಕೊಳ್ಳುವವರು ನಿಮಗೆ ದುಡ್ಡು ಕೊಡಬೇಕು, ನಿಮ್ಮಿಂದ ಕೇಳಬಾರದು. ಅಂಥ ಕರೆ ಬಂದರೆ ಸಂಖ್ಯೆ ಬರೆದಿಟ್ಟುಕೊಂಡು ಆಯಾ ದೇಶದ ನಿಯಂತ್ರಕರಿಗೆ ದೂರು ಕೊಡಿ: ಆಸ್ಟ್ರೇಲಿಯಾದಲ್ಲಿ ಅಸಿಕ್, ಬ್ರಿಟನ್ನಿನಲ್ಲಿ ಎಫ್‌ಸಿಎ, ಭಾರತದಲ್ಲಿದ್ದರೆ 1930ಕ್ಕೆ.

ಇಂತಿ,
ಗಣಿ ಕಂಪನಿಗಳ ವರದಿ ಓದುವ ಕೆಲಸದಲ್ಲಿರುವ ಕೆಲವು ಕನ್ನಡಿಗರು